ಜಾಲತಾಣವೂ ದೃಷ್ಟಿಹೀನರೂ

ಹಂಪಿ ಬಜಾರಿನ ಕಲ್ಲುಕಂಬಗಳನ್ನು ದೃಷ್ಟಿಯಿಲ್ಲದ ಬಾಲಿಕೆಯು ಕೈಯಿಂದ ಮುಟ್ಟಿ ಅರಿಯಬಲ್ಲಳು. ಜಾಲತಾಣದ ಪುಟವನ್ನು ಹಾಗೆ ಅರಿಯಲಾರಳು. ಅಲ್ಲಿ ಪರದೆಯ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶವೇ ಅವಳಿಗೆ ಆಧಾರ. ವಿದ್ಯಾರ್ಥಿವೇತನದ ಪ್ರಕಟಣೆಯನ್ನು ವಿವರಣೆಯಿಲ್ಲದ ಚಿತ್ರವಾಗಿ ಅಂಟಿಸಿದಲ್ಲಿ ಅದು ಮೂಕವಾಗುವುದು. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಅಕ್ಷರಗಳಲ್ಲಿ ಅಚ್ಚಿಸಿದಲ್ಲಿ ಅರ್ಥವಿಲ್ಲದ ಧ್ವನಿಗಳನ್ನು ನುಡಿಯುವುದು. ಅಷ್ಟರಲ್ಲಿ ಅರ್ಜಿಯ ಕಡೆಯ ದಿನವು ಕಳೆದು, ಯೋಗ್ಯಳಾದ ಬಾಲಿಕೆಯು ವೇತನದಿಂದ ವಂಚಿತಳಾಗುವಳು.

ಇದನ್ನು ನಾವು ಅನ್ಯಾಯವೆನ್ನುತ್ತೇವೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ವಿದ್ಯುನ್ಮಾನ ಮಾಹಿತಿಯು ಇವರಿಗೂ ಸುಗಮವಾಗಿರತಕ್ಕದ್ದೆಂದು ವಿಧಿಸಿರುತ್ತದೆ. 2025ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಜೀವಿಸುವ ಹಕ್ಕಿಗೇ ಸೇರಿಸಿತು. ಜಾಲತಾಣಗಳನ್ನು ರಚಿಸುವ ನಮ್ಮ ಪೂರ್ವ ವಿದ್ಯಾರ್ಥಿನಿಯರು ಪ್ರತಿ ಚಿತ್ರಕ್ಕೂ ವಿವರಣೆಯನ್ನು ಬರೆಯಲಿ, ಕೀಲಿಮಣೆಯೊಂದರಿಂದಲೇ ಪುಟವೆಲ್ಲವನ್ನೂ ನಡೆಸಿ ನೋಡಲಿ. ಪೋಷಕರು ಸಂಸ್ಥೆಗಳಿಂದ ಅಂಥ ಪುಟವನ್ನೇ ಕೇಳಲಿ ಎಂಬುದು ನಮ್ಮ ವಿಜ್ಞಾಪನೆ.