ಗ್ರಂಥಾಲಯಗಳ ಲೆಕ್ಕವೂ ಸಿಬ್ಬಂದಿಯೂ

ನಮ್ಮ ಸಾರ್ವಜನಿಕ ಗ್ರಂಥಾಲಯಗಳ ಬಾಗಿಲಲ್ಲಿ ಓದುಗರ ಹಾಜರಿ ಪುಸ್ತಕವೊಂದಿರುವುದನ್ನು ವಾಚಕರೆಲ್ಲರೂ ಬಲ್ಲರು. ಒಳಗೆ ಹೋಗುವವರು ಅದರಲ್ಲಿ ಹೆಸರನ್ನೂ ವೇಳೆಯನ್ನೂ ಬರೆದು ಸಹಿ ಹಾಕುತ್ತಾರೆ. ತಿಂಗಳ ಕೊನೆಗೆ ಅದರ ಮೊತ್ತವು ಮೇಲಿನ ಕಚೇರಿಯನ್ನು ಸೇರುತ್ತದೆ. ಅಲ್ಲಿಗೆ ಆ ಲೆಕ್ಕದ ಆಯುಷ್ಯವು ತೀರಿತೆಂದೇ ಹೇಳಬೇಕು. ಯಾವ ವೇಳೆಯಲ್ಲಿ ಎಷ್ಟು ಜನರು ಬಂದರು, ಆಗ ಅವರಿಗೆ ಪುಸ್ತಕ ತೆಗೆದುಕೊಡಲು ಎಷ್ಟು ಮಂದಿಯಿದ್ದರು ಎಂದು ಆ ಪುಸ್ತಕವನ್ನು ಮುಂದಿಟ್ಟುಕೊಂಡು ವಿಚಾರಿಸುವವರು ವಿರಳ. ಹಿಂದೆಂದೋ ಮಂಜೂರಾದ ಪಟ್ಟಿಯು ಹುದ್ದೆಗಳನ್ನು ನಿರ್ಣಯಿಸುತ್ತಿದೆಯೇ ಹೊರತು ಕೆಲಸದ ಪರಿಮಾಣವಲ್ಲ.

ಈ ವಿಷಯದಲ್ಲಿ ಶಾಸ್ತ್ರಜ್ಞಾನಕ್ಕೆ ಕೊರತೆಯಿಲ್ಲ. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ಪ್ರಕಟಿಸಿದ ಎಸ್. ಆರ್. ರಂಗನಾಥನ್ ಅವರು ಸಿಬ್ಬಂದಿಯ ಸಂಖ್ಯೆಗೂ ಒಂದು ಲೆಕ್ಕವನ್ನು ಹಾಕಿಕೊಟ್ಟಿದ್ದಾರೆ. ವರ್ಷದಲ್ಲಿ ಹೊಸದಾಗಿ ಸೇರುವ ಪ್ರತಿ 6,000 ಪುಸ್ತಕಗಳಿಗೆ ಪುಸ್ತಕ ವಿಭಾಗದಲ್ಲಿ ಒಬ್ಬರು. ಪುಸ್ತಕ ಕೊಡುವ ಮೇಜು ತೆರೆದಿರುವ ಪ್ರತಿ 1,500 ಗಂಟೆಗಳಿಗೆ ಒಬ್ಬರು. ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಅಳತೆ. ಬೆಂಗಳೂರಿನಲ್ಲಿಯೇ ನೆಲೆಸಿ 1972ರಲ್ಲಿ ಇಲ್ಲಿಯೇ ದಿವಂಗತರಾದ ಆ ಮಹನೀಯರ ಲೆಕ್ಕವು ನಮಗೆ ಅಪರಿಚಿತವೆನ್ನಲಾಗದು. ವಿದ್ಯಾರ್ಥಿಗಳು ಅದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಉದ್ಯೋಗಕ್ಕೆ ಸೇರಿದ ಮೇಲೆ ಅದರ ಉಪಯೋಗವೇ ಬೀಳುವುದಿಲ್ಲ!

ಗ್ರಂಥಾಲಯವೊಂದು ದಿನಕ್ಕೆ 12 ಗಂಟೆಯಂತೆ ವರ್ಷದಲ್ಲಿ 300 ದಿನ ತೆರೆದಿರುವುದೆಂದು ಭಾವಿಸೋಣ. ಅದು 3,600 ಗಂಟೆಯಾಯಿತು. ಒಂದೇ ಮೇಜಿಗೆ ಇಬ್ಬರು ಸಾಲರು, ಮೂವರು ಬೇಕು. ದಿನಕ್ಕೆ 8 ಗಂಟೆಯೆಂದರೂ 2,400 ಗಂಟೆಯಾಗುವುದರಿಂದ ಒಬ್ಬರಿಂದ ಪೂರೈಸದು. ನಮ್ಮ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಾದರೋ ಒಬ್ಬೊಬ್ಬ ಮೇಲ್ವಿಚಾರಕರನ್ನೇ ನೆಚ್ಚಿಕೊಂಡಿವೆ. ಈಗ ಅವಕ್ಕೆ ಅರಿವು ಕೇಂದ್ರವೆಂಬ ಅಂದವಾದ ಹೆಸರು ಬಂದಿದೆ. ಆದರೆ ಆ ಒಬ್ಬರು ಕಾಯಿಲೆ ಬಿದ್ದ ದಿನ, ಸಭೆಗೆಂದು ತಾಲ್ಲೂಕು ಕೇಂದ್ರಕ್ಕೆ ಹೋದ ದಿನ, ಅರಿವಿಗೆ ಬೀಗವೇ ಗತಿ.

ಇಲ್ಲಿಯೇ ಅಂಕಿಗಳನ್ನು ಕುರಿತು ಒಂದು ಎಚ್ಚರಿಕೆಯ ಮಾತು ಅವಶ್ಯಕ. ಬಾಗಿಲು ಮುಚ್ಚಿದ್ದ ದಿನ ಓದುಗರ ಸಂಖ್ಯೆ ಶೂನ್ಯ. ಇಂತಹ ಶೂನ್ಯಗಳನ್ನು ಕೂಡಿಸಿ, ಈ ಊರಿನಲ್ಲಿ ಓದುವವರಿಲ್ಲ, ಇಲ್ಲಿಗೆ ಸಿಬ್ಬಂದಿ ಬೇಡ ಎಂದು ತೀರ್ಮಾನಿಸುವುದು, ಆಸ್ಪತ್ರೆಗೆ ಬೀಗ ಹಾಕಿ ರೋಗಿಗಳೇ ಇಲ್ಲವೆಂದು ವರದಿ ಬರೆದಂತೆ. ಮತ್ತೊಂದು ಕಡೆ, ಉದ್ಯೋಗ ಪರೀಕ್ಷೆಗಳಿಗೆ ಓದುವ ತರುಣರು ತಮ್ಮ ಪುಸ್ತಕಗಳನ್ನೇ ತಂದು ಬೆಳಗಿನಿಂದ ಸಂಜೆಯವರೆಗೆ ಕುಳಿತಿರುತ್ತಾರೆ. ಅವರಿಗೆ ಬೇಕಾದುದು ಕುರ್ಚಿ, ದೀಪ, ನಿಶ್ಶಬ್ದ. ಅರ್ಜಿಯೊಂದನ್ನು ಹಿಡಿದು ಬರುವ ರೈತನೂ, ಕಥೆಯ ಪುಸ್ತಕ ಯಾವುದೆಂದು ಕೇಳುವ ಹುಡುಗಿಯೂ ಸಿಬ್ಬಂದಿಯ ಅರ್ಧ ಗಂಟೆಯನ್ನು ಪಡೆಯುತ್ತಾರೆ. ಹಾಜರಿ ಪುಸ್ತಕದಲ್ಲಿ ಎಲ್ಲರೂ ಒಂದೊಂದು ಸಹಿ ಮಾತ್ರ. ಕೇವಲ ತಲೆಯೆಣಿಕೆಯನ್ನು ನಂಬಿ ಸಿಬ್ಬಂದಿಯನ್ನು ಹಂಚಿದರೆ ಈಗಿನ ಅನ್ಯಾಯದ ಬದಲಿಗೆ ಮತ್ತೊಂದು ಅನ್ಯಾಯವಾದೀತು.

ಹಣವಿಲ್ಲವೆಂಬ ಉತ್ತರವು ಬರುವುದು ನಿಶ್ಚಯ. ಆದರೆ 1965ರ ಗ್ರಂಥಾಲಯ ಕಾಯಿದೆಯ ಮೇರೆಗೆ ಜನರು ಕಟ್ಟಡ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ತೆರುತ್ತಿದ್ದಾರೆ. ಅದನ್ನು ವಸೂಲು ಮಾಡುವ ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ಕಾಲಕಾಲಕ್ಕೆ ಸಲ್ಲಿಸಬೇಕಾದುದು ಧರ್ಮ. ಕರ ತೆತ್ತ ಪ್ರಜೆಯು ಮುಚ್ಚಿದ ಬಾಗಿಲನ್ನು ಕಂಡು ಹಿಂದಿರುಗುವುದು ಲಜ್ಜಾಸ್ಪದ.

ಸರ್ಕಾರದವರು ಮೊದಲು ಒಂದು ಜಿಲ್ಲೆಯಲ್ಲಿ ಒಂದು ವರ್ಷ ಈ ಕಾರ್ಯವನ್ನು ಕೈಗೊಳ್ಳಲಿ. ಪ್ರತಿ ಗಂಟೆಯ ಓದುಗರು, ಎರವಲು ಹೋದ ಪುಸ್ತಕಗಳು, ನೆರವು ಕೇಳಿದವರು, ಇವುಗಳೊಡನೆ ಬಾಗಿಲು ಮುಚ್ಚಿದ್ದ ವೇಳೆಯೂ ಅದರ ಕಾರಣವೂ ದಾಖಲಾಗಲಿ. ವರ್ಷಾಂತ್ಯದಲ್ಲಿ ಅದರಿಂದ ಹೊರಡುವ ಸಿಬ್ಬಂದಿಯ ಸಂಖ್ಯೆಯನ್ನೂ ವಾಸ್ತವವಾಗಿ ಇರುವವರ ಸಂಖ್ಯೆಯನ್ನೂ ಆಯಾ ಗ್ರಂಥಾಲಯದ ಬಾಗಿಲಿಗೇ ಅಂಟಿಸಬೇಕೆಂದು ನಾವು ಒತ್ತಾಯಿಸುತ್ತೇವೆ.