ಹುಡುಗ್ರಿಗೆ ತೋರಿಸಾಕ ನಮ್ಮ ಕಡೆ ಏನೈತ್ರಿ?

ಶುಕ್ರವಾರ ಸಂಜೆಯಾದರೆ ಸಾಕು, ಹುಬ್ಬಳ್ಳಿ-ಧಾರವಾಡದ ಅರ್ಧ ಮನೆಗಳಲ್ಲಿ ಇದೇ ಮಾತು. "ರವಿವಾರ ಹುಡುಗ್ರನ್ನ ಎಲ್ಲಿ ಕರ್ಕೊಂಡು ಹೋಗೂಣು?" "ಗೋವಾ." "ಹ್ವಾದ ತಿಂಗಳ ಹೋಗಿದ್ವೆಲ್ಲ?" "ಹಂಗಾರ ದಾಂಡೇಲಿ." "ಅದರ ಮುಂಚೆ ಅಲ್ಲೇ ಹೋಗಿದ್ವಿ." "ಹಂಗಾರ ಗೋವಾ." ಮುಗೀತು! ಬೇರೆ ಕಡೆ ಯಾಕೆ ಹೋಗಬಾರದು ಅಂತ ಕೇಳಿದರೆ ಸಿಗುವ ಉತ್ತರವೇ ಮೇಲಿನ ತಲೆಬರಹ.

ಮಿತ್ರರೇ, ಈ ಮಾತು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಇವತ್ತು ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ, ಬ್ಯಾಡಗಿ ಮೆಣಸಿನಕಾಯಿ ತಿಂದು ಬೆಳೆದವರು ನಾವು, ಅಡ್ಡಿಯಿಲ್ಲ ತಾನೆ?

ಮೊದಲು ಗೋವಾದ ಲೆಕ್ಕ ನೋಡಿ. ಹೋಗಲು ನಾಲ್ಕೈದು ತಾಸು, ಬರಲು ನಾಲ್ಕೈದು ತಾಸು, ನಡುವೆ ಘಟ್ಟದ ತಿರುವುಗಳು. ಹಿಂದಿನ ಸೀಟಿನಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಕೂತ ಐದು ವರ್ಷದ ಕೂಸಿಗೆ ಕೇಳಿ, ಟ್ರಿಪ್ ಹೇಗಿತ್ತು ಅಂತ. ಇನ್ನು ರಿಸಾರ್ಟು. ಅಲ್ಲಿ ಒಂದು ಈಜುಕೊಳ, ಒಂದು ಬಫೆ, ಒಂದು ಜೋಕಾಲಿ, ಜೋರಾಗಿ ಹಚ್ಚಿದ ಸಿನಿಮಾ ಹಾಡು. ಹುಡುಗರು ನೀರಿಗೆ ಬೀಳುತ್ತಾರೆ, ಅಪ್ಪ ಮೊಬೈಲಿಗೆ ಬೀಳುತ್ತಾನೆ, ಅವ್ವ ಒದ್ದೆ ಬಟ್ಟೆ ಹಿಂಡುತ್ತಾಳೆ. ಯಾವ ಊರಿನ ರಿಸಾರ್ಟಾದರೂ ಇದೇ ಕಥೆ. ಮತ್ತೆ ಊರು ಬದಲಿಸಿ ಏನು ಪ್ರಯೋಜನ ಮಾರಾಯ್ರೇ? ಸಮುದ್ರ ನೋಡಬಾರದು ಅಂತ ನಾನು ಹೇಳುತ್ತಿಲ್ಲ, ವರ್ಷಕ್ಕೊಮ್ಮೆ ನೋಡಲಿ. ಆದರೆ ಹುಬ್ಬಳ್ಳಿಯ ಹುಡುಗನಿಗೆ ಕಲಂಗುಟ್ ಬೀಚು ಬಾಯಿಪಾಠವಾಗಿದ್ದು, ಅಣ್ಣಿಗೇರಿ ಅಂದರೆ ರೈಲು ನಿಲ್ಲುವ ಒಂದು ಸ್ಟೇಶನ್ ಅಷ್ಟೇ ಆಗಿದ್ದರೆ ಅದು ಹುಡುಗನ ತಪ್ಪಲ್ಲ.

ಅಣ್ಣಿಗೇರಿಯನ್ನೇ ತೆಗೆದುಕೊಳ್ಳಿ. ಹುಬ್ಬಳ್ಳಿಯಿಂದ ಗದಗಿನ ದಾರಿಯಲ್ಲಿ ರೈಲಿನಲ್ಲಿ ಒಂದು ತಾಸಿನೊಳಗೆ ಇಳಿಯಬಹುದು. ಅಂದ ಹಾಗೆ, ರೈಲು ಹತ್ತುವ ಮೊದಲೇ ಆಟ ಶುರು ಮಾಡಬಹುದು. ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮು 1507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು, 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಹೆಜ್ಜೆ ಅಂತ ಎಣಿಸಲು ಹೇಳಿ, ಬಿಸ್ಕೀಟು ಕೇಳುವುದನ್ನೂ ಮರೆತಾರು. ಅಣ್ಣಿಗೇರಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ದೇವಸ್ಥಾನ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಈ ಊರಿನ ಜೋಯಿಸ ಸಿಂಘನ ಮನೆತನದವಳು. ಪಂಪನ ತಮ್ಮ ಜಿನವಲ್ಲಭ ಇದನ್ನು ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಅಂದರೆ ಇದು ಪಂಪನಿಗೆ ಅಜ್ಜಿಮನೆ ಊರು ಇದ್ದಂಗೆ. ಹುಡುಗರಿಗೆ ಅಜ್ಜಿಮನೆ ಅಂದರೆ ತಟ್ಟನೆ ಅರ್ಥವಾಗುತ್ತದೆ, "ಚಂಪೂ ಕಾವ್ಯ" ಅಂದರೆ ಆಕಳಿಸುತ್ತಾರೆ. ಇನ್ನೂ ರೋಚಕ ಬೇಕೆ? 2010ರಲ್ಲಿ ಅಲ್ಲಿ ಚರಂಡಿ ತೋಡುವಾಗ ಸಾಲು ಸಾಲಾಗಿ ನೂರಾರು ತಲೆಬುರುಡೆಗಳು ಸಿಕ್ಕವು. ಯುದ್ಧವೋ, ಡೋಗಿ ಬರವೋ ಅಂತ ದೊಡ್ಡವರೇ ಜಗಳಾಡಿದರು. ಹತ್ತು ವರ್ಷದ ಹುಡುಗಿಗೆ ಇದನ್ನು ಹೇಳಿ ನೋಡಿ, ರಾತ್ರಿ ಮಲಗುವ ತನಕ ಪ್ರಶ್ನೆ ನಿಲ್ಲುವುದಿಲ್ಲ.

"ಗುಡಿ ನೋಡಿ ಹುಡುಗ್ರು ಬೇಸರ ಮಾಡ್ಕೋತಾವ್ರಿ." ಈ ಆಕ್ಷೇಪ ನನಗೆ ಗೊತ್ತು. ಬೇಸರವಾಗುವುದು ಗುಡಿಯಿಂದಲ್ಲ, ನಾವು ಗುಡಿ ತೋರಿಸುವ ರೀತಿಯಿಂದ. ಒಂದೇ ದಿನ ಗದಗು, ಲಕ್ಕುಂಡಿ, ಡಂಬಳ, ಲಕ್ಷ್ಮೇಶ್ವರ, ಕಾಲಿಗೆ ಚಕ್ರ ಕಟ್ಟಿಕೊಂಡು ಓಡುತ್ತೇವೆ. ಇಳಿ, ಕೈ ಮುಗಿ, ಫೋಟೋ ತೆಗಿ, ಹತ್ತು. ನಡುಮಧ್ಯಾಹ್ನ ಒಂದು ಗಂಟೆಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲಿಸಿ "ನೋಡು, ಹನ್ನೊಂದನೇ ಶತಮಾನ" ಅಂದರೆ ಯಾವ ಮಗು ತಾನೇ ಅಳದೆ ಇದ್ದೀತು?

ಒಂದು ದಿನ, ಒಂದೇ ಊರು. ನನ್ನ ಹಟ ಇಷ್ಟೇ. ಲಕ್ಕುಂಡಿಯಾದರೆ ಲಕ್ಕುಂಡಿ ಅಷ್ಟೇ. ಗದಗಿನಿಂದ ಹನ್ನೆರಡು ಕಿಲೋಮೀಟರು. ಬೆಳಿಗ್ಗೆ ಎಂಟಕ್ಕೆಲ್ಲ ಅಲ್ಲಿರಬೇಕು. ಕಾಶಿವಿಶ್ವೇಶ್ವರ ಗುಡಿಯ ಎದುರೇ ಸೂರ್ಯನ ಪುಟ್ಟ ಗುಡಿ, ಒಂದಕ್ಕೊಂದು ಮುಖ ಮಾಡಿ ಕೂತಿವೆ. ಒಳಗೆ ತಿರುಗಣೆಯಲ್ಲಿ ಕಡೆದ ಕಂಬಗಳು, ಕಲ್ಲನ್ನು ಬುಗರಿ ಹಾಗೆ ತಿರುಗಿಸಿ ನಯ ಮಾಡಿದ್ದು ಹೇಗೆ ಅಂತ ಕೇಳಿ, ಉತ್ತರ ಹುಡುಗರೇ ಹುಡುಕಲಿ. ಆಮೇಲೆ ಮುಸುಕಿನ ಬಾವಿ. ಮೆಟ್ಟಿಲಿಳಿದು ಹೋಗುವ ಬಾವಿಗಿಂತ ಒಳ್ಳೆ ಆಟದ ಜಾಗ ಯಾವ ರಿಸಾರ್ಟಿನಲ್ಲಿದೆ? (ಕೈ ಹಿಡಿದುಕೊಳ್ಳಿ, ಕಟ್ಟೆ ಜಾರುತ್ತದೆ.) ಬ್ರಹ್ಮಜಿನಾಲಯದಲ್ಲಿ ಅತ್ತಿಮಬ್ಬೆಯ ಕಥೆ. ರನ್ನನಿಗೆ ಆಶ್ರಯ ಕೊಟ್ಟ ಹೆಣ್ಣುಮಗಳು, ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಓಲೆಗರಿಯಲ್ಲಿ ಬರೆಸಿ ಹಂಚಿದವಳು. ಪ್ರಿಂಟಿಂಗ್ ಪ್ರೆಸ್ ಇಲ್ಲದ ಕಾಲದಲ್ಲಿ! ಪುಕ್ಕಟೆ ಜಾಗದಲ್ಲಿ ನಾಲ್ಕು ಸಾಲು ಟೈಪಿಸಿ ಬೀಗುವ ನಾವು ಬ್ಲಾಗಿಗರು ಆಯಮ್ಮನಿಗೆ ಒಂದು ಸಲವಾದರೂ ನಮಸ್ಕಾರ ಹಾಕಿ ಬರಬೇಕು. ಹನ್ನೊಂದೂವರೆಗೆ ಎಲ್ಲ ಮುಗಿಸಿ ಮರದಡಿ ಬುತ್ತಿ ಬಿಚ್ಚಿ. ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಸಂಜೆ ಗದಗಿನಲ್ಲಿ ಗಿರ್ಮಿಟ್, ಮಿರ್ಚಿ. ಡಂಬಳ ಇನ್ನೊಂದು ರವಿವಾರಕ್ಕಿರಲಿ. ಅಲ್ಲಿನ ದೊಡ್ಡಬಸಪ್ಪ ಗುಡಿ 24 ಮೂಲೆಯ ನಕ್ಷತ್ರದಾಕಾರದ್ದು, ಎಣಿಸಲು ಒಂದು ಬೆಳಗೇ ಬೇಕು.

ಗುಡಿಯೇ ಬೇಡ ಅಂತೀರಾ? ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತುಗಳು ಸಾವಿರಗಟ್ಟಲೆ ಇಳಿಯುತ್ತವೆ. 2024ರ ಜನವರಿಯಲ್ಲಿ ಇದು ರಾಮ್ಸಾರ್ ಪಟ್ಟಿಗೆ ಸೇರಿತು. ಹಕ್ಕಿಯೂ ಬೇಡವಾ? ಕುಂದಗೋಳಕ್ಕೆ ಹೋಗಿ. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ ಸವಾಯಿ ಗಂಧರ್ವರಲ್ಲಿ ಹಾಡು ಕಲಿಯಲು ಇದೇ ರೈಲು ದಾರಿಯಲ್ಲಿ ಓಡಾಡುತ್ತಿದ್ದರು. ಟ್ಯೂಶನ್ನಿಗೆ ಸ್ಕೂಟರಿನಲ್ಲಿ ಬಿಡದಿದ್ದರೆ ಮುಖ ಊದಿಸುವ ನಮ್ಮ ಕುಲಪುತ್ರರಿಗೆ ಇದು ಗೊತ್ತಾಗಲಿ.

ಖರ್ಚಿನ ಮಾತು ಬೇಡವೇ ಬೇಡ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಸಾದಾ ಸರ್ಕಾರಿ ಬಸ್ಸಿನಲ್ಲಿ ಅಜ್ಜಿ, ಅವ್ವ, ಮಗಳಿಗೆ ಟಿಕೀಟಿಲ್ಲ. ಅಪ್ಪ ಮತ್ತು ಮಗ ಮಾತ್ರ ದುಡ್ಡು ಕೊಟ್ಟು ಕೂರಬೇಕು. ಕೂರಲು ಸೀಟು ಸಿಕ್ಕರೆ!

ಇಷ್ಟು ಹೊತ್ತು ಅಪ್ಪ-ಅವ್ವಂದಿರನ್ನು ಬೈದೆ. ಈಗ ಬೈಯಬೇಕಾದ್ದು ಇನ್ನೊಂದು ಕಡೆ. ಇವರೆಲ್ಲ ಗೋವಾ ಗೋವಾ ಅನ್ನಲು ಬಾಯಿಬಿಟ್ಟು ಹೇಳದ ಒಂದು ಕಾರಣವಿದೆ. ಅದು ಕಕ್ಕಸು. ಹೌದ್ರೀ, ಮುಖ ಸಿಂಡರಿಸಬೇಡಿ. ಮೂರು ವರ್ಷದ ಮಗು, ಅರವತ್ತೈದರ ಅಜ್ಜಿ, ಮುಟ್ಟಾದ ಹುಡುಗಿ, ಇವರನ್ನು ಕರೆದುಕೊಂಡು ಸಣ್ಣ ಊರಿಗೆ ಹೋದ ಯಾರನ್ನಾದರೂ ಕೇಳಿ. ನಮ್ಮದೇ ಸೀಮೆಯ ಒಂದು ಊರಿನ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ. ಕೀಲಿ ಎಲ್ಲಿ ಅಂದರೆ "ಕೀಲಿ ಇರಾಂವ ಊಟಕ್ಕ ಹೋಗ್ಯಾನ್ರಿ". ಮಗಳು ಮುಂದೆ ಸಂಜೆಯ ತನಕ ನೀರೇ ಕುಡಿಯಲಿಲ್ಲ. ರಿಸಾರ್ಟಿನವರು ಮಾರುವುದು ಈಜುಕೊಳವನ್ನಲ್ಲ ಸ್ವಾಮಿ, ಚಿಲಕ ಹಾಕುವ ಬಾಗಿಲು ಮತ್ತು ಬಕೇಟಿನಲ್ಲಿ ನೀರನ್ನು. ಅದಕ್ಕೇ ಸಾವಿರಾರು ರೂಪಾಯಿ ಸುರಿಯುತ್ತಿದ್ದೇವೆ.

ಉತ್ಸವಕ್ಕೆ ಹಣವಿದೆ. ಕಮಾನು, ಸ್ವಾಗತ ಫಲಕ, ಮಂತ್ರಿಗಳ ಫ್ಲೆಕ್ಸು ಎಲ್ಲಕ್ಕೂ ಇದೆ. ಸ್ಮಾರಕದ ಮುಂದಿನ ನೀಲಿ ಬೋರ್ಡಿನಲ್ಲಿ ಹಾಳು ಮಾಡಿದರೆ ಏನು ಶಿಕ್ಷೆ ಅಂತ ವಿವರವಾಗಿ ಬರೆದಿರುತ್ತದೆ, ಒಳಗೇನಿದೆ ಅಂತ ಒಂದು ಮಗು ಓದಿ ತಿಳಿಯುವ ಕನ್ನಡದಲ್ಲಿ ನಾಲ್ಕು ಸಾಲು ಎಷ್ಟು ಕಡೆ ನೋಡಿದ್ದೀರಿ? ಪ್ರವಾಸೋದ್ಯಮ ಅಂದರೆ ಬೆಂಗಳೂರಿನಿಂದಲೋ ವಿದೇಶದಿಂದಲೋ ಬರುವವರು ಅಂತಲೇ ಲೆಕ್ಕ. ನಲವತ್ತು ಕಿಲೋಮೀಟರು ದೂರದಿಂದ ಬುತ್ತಿ ಕಟ್ಟಿಕೊಂಡು ಕೆಂಪು ಬಸ್ಸಿನಲ್ಲಿ ಬಂದ ಸಂಸಾರ ಯಾರ ಲೆಕ್ಕಕ್ಕೂ ಇಲ್ಲ. ಒಂದು ಸ್ವಚ್ಛ ಶೌಚಾಲಯ, ಕುಡಿಯುವ ನೀರು, ನಾಲ್ಕು ಬೇವಿನ ಗಿಡದ ನೆರಳು, ಕಥೆ ಹೇಳಬಲ್ಲ ಊರಿನ ಒಬ್ಬ ಕಾಲೇಜು ಹುಡುಗ ಅಥವಾ ಹುಡುಗಿ. ಇದಕ್ಕೆ ಕೋಟಿ ಬೇಕಾ?

ನಿಮ್ಮಲ್ಲಿ ಒಂದು ಕೋರಿಕೆ. ಪ್ರವಾಸದ ಬಗ್ಗೆ ಎಲ್ಲರೂ ಚೆಂದ ಚೆಂದ ಬರೆಯುತ್ತೀರಿ. ಸೂರ್ಯಾಸ್ತ, ಶಿಲಾಬಾಲಿಕೆ, ಮಂಜು, ಎಲ್ಲ ಇರುತ್ತದೆ. ಮುಂದಿನ ಸಲ ಬರೆಯುವಾಗ ಕೊನೆಗೆ ಎರಡು ಸಾಲು ಸೇರಿಸಿ. ಆ ಊರಿನಲ್ಲಿ ಹೆಂಗಸರು-ಮಕ್ಕಳು ಹೋಗಬಹುದಾದ ಶೌಚಾಲಯ ಎಲ್ಲಿದೆ, ಯಾವ ಹೊತ್ತಿಗೆ ತೆರೆದಿರುತ್ತದೆ, ಒಳಗಿನ ಚಿಲಕ ಬೀಳುತ್ತದಾ. ಕುಂದಗೋಳ, ನವಲಗುಂದ, ಕಿತ್ತೂರು, ಸವದತ್ತಿ, ಬಂಕಾಪುರದ ಕಡೆಯವರು ಯಾರಾದರೂ ಇದ್ದರೆ ಕೆಳಗೆ ಕಾಮೆಂಟಿನಲ್ಲೇ ಶುರು ಮಾಡಿ. ನಾನು ಎಲ್ಲವನ್ನೂ ಊರುವಾರು ಒಂದೆಡೆ ಸೇರಿಸಿ ಹಾಕುತ್ತೇನೆ.