ಸದನಕ್ಕೆ ಬಾಣಂತಿ ಬಂದರೆ

2022ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಚಳಿಗಾಲದ ಅಧಿವೇಶನ ನಾಗಪುರದಲ್ಲಿ ಆರಂಭವಾದ ದಿನ, ನಾಸಿಕ್ ಜಿಲ್ಲೆಯ ದೇವಳಾಲಿ ಶಾಸಕಿ ಸರೋಜ್ ಅಹಿರೆ ಎರಡೂವರೆ ತಿಂಗಳ ಹಸುಗೂಸನ್ನು ಎತ್ತಿಕೊಂಡು ವಿಧಾನಭವನಕ್ಕೆ ಬಂದರು. ತಾನೀಗ ತಾಯಿ, ಆದರೆ ಮತ ಹಾಕಿದವರ ಪ್ರಶ್ನೆಗಳಿಗೆ ಉತ್ತರ ಪಡೆಯುವ ಹೊಣೆಯೂ ತನ್ನದೇ ಎಂದರು. ಮಗುವಿಗೆ ಹಾಲೂಡಿಸಲು ಕೋಣೆಯ ಏರ್ಪಾಡಾದದ್ದು ಆಮೇಲೆ. ಮುಂದಿನ ಬಜೆಟ್ ಅಧಿವೇಶನಕ್ಕೆ ಮುಂಬೈಗೆ ಹೋದಾಗ, ಕೊಟ್ಟ ಕೋಣೆಯಲ್ಲಿ ಬರೀ ದೂಳು, ಸೌಕರ್ಯವೇ ಇಲ್ಲ ಎಂದು ಅವರೇ ದೂರಬೇಕಾಯಿತು.

ಮಹಾರಾಷ್ಟ್ರದಲ್ಲಿ ಇಂಥ ಕೋಣೆಗೆ ‘ಹಿರಕಣಿ ಕಕ್ಷ’ ಎನ್ನುತ್ತಾರೆ. ರಾಯಗಡದ ಕೋಟೆಗೆ ಹಾಲು ಮಾರಲು ಹೋಗಿದ್ದ ಹಿರಕಣಿ ಎಂಬ ಹೆಂಗಸು, ಸಂಜೆ ಬಾಗಿಲು ಮುಚ್ಚಿದ ಮೇಲೆ ಮನೆಯಲ್ಲಿದ್ದ ಕೂಸಿಗಾಗಿ ಕತ್ತಲಲ್ಲೇ ಕಡಿದಾದ ಬಂಡೆ ಇಳಿದಳೆಂಬುದು ಅಲ್ಲಿನ ಜನಪದ ಕಥೆ. ಶಿವಾಜಿ ಮಹಾರಾಜರು ಆಕೆಯನ್ನು ಸನ್ಮಾನಿಸಿದರು, ಇಳಿದ ಜಾಗದಲ್ಲಿ ಬುರುಜು ಕಟ್ಟಿಸಿದರು ಎನ್ನುತ್ತದೆ ಕಥೆ. ಕೋಟೆಗೆ ಆ ಬುರುಜು ಅಗತ್ಯವೇ ಇದ್ದೀತು. ಆದರೆ ಅದು ಎದ್ದ ಮರುದಿನ ಇನ್ನೊಬ್ಬ ಬಾಣಂತಿ ಹಾಲು ಮಾರಲು ಬಂದು ತಡವಾಗಿದ್ದರೆ ಅವಳಿಗೆ ಆ ಬಂಡೆಯ ದಾರಿಯೂ ಇರುತ್ತಿರಲಿಲ್ಲ. ತಾಯಂದಿರ ಧೈರ್ಯವನ್ನು ಕೊಂಡಾಡುವುದು, ಬಾಗಿಲಿನ ನಿಯಮವನ್ನು ಮುಟ್ಟದಿರುವುದು ನಮ್ಮಲ್ಲಿ ಬಹಳ ಹಿಂದಿನಿಂದ ನಡೆದುಬಂದಿದೆ.

ರಾಜಕೀಯದಲ್ಲಿರುವ ಹೆಣ್ಣುಮಕ್ಕಳನ್ನು ಸಂದರ್ಶಿಸುವಾಗ ‘ಮನೆ, ಮಕ್ಕಳು, ರಾಜಕೀಯ ಎಲ್ಲವನ್ನೂ ಹೇಗೆ ನಿಭಾಯಿಸುತ್ತೀರಿ ಮೇಡಂ?’ ಎಂಬ ಪ್ರಶ್ನೆ ತಪ್ಪುವುದಿಲ್ಲ. ಅವರೂ ಅತ್ತೆಯನ್ನೋ ಅಮ್ಮನನ್ನೋ ಗಂಡನನ್ನೋ ನೆನೆದು ಸೌಜನ್ಯದಿಂದ ಉತ್ತರಿಸುತ್ತಾರೆ. ಈ ಪ್ರಶ್ನೆಯನ್ನು ಮೊದಲು ಕೇಳಬೇಕಾದದ್ದು ಶಾಸನಸಭೆಗಳನ್ನು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೆರಿಗೆ ಸೌಲಭ್ಯ ಕಾಯ್ದೆ ಬಂದದ್ದು 1961ರಲ್ಲಿ. 2017ರ ತಿದ್ದುಪಡಿ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ ಕೊಟ್ಟಿತು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಲೇಬೇಕು ಎಂದಿತು. ಇದನ್ನೆಲ್ಲ ಅಂಗೀಕರಿಸಿದ ಸಂಸದರಿಗೆ ಮಾತ್ರ ಈ ಸೌಲಭ್ಯಗಳು ಅನ್ವಯಿಸವು, ಏಕೆಂದರೆ ಜನಪ್ರತಿನಿಧಿ ಯಾರ ನೌಕರನೂ ಅಲ್ಲ. ಶಾಸಕರದ್ದೂ ಇದೇ ಕಥೆ. ಸದನಕ್ಕೆ ಬಾರದವರು ಅನುಮತಿ ಪಡೆಯಬೇಕು. ಅನುಮತಿಯಿಲ್ಲದೆ 60 ದಿನ ಗೈರಾದರೆ ಸ್ಥಾನ ತೆರವಾಗಿದೆ ಎಂದು ಸದನ ಘೋಷಿಸಬಹುದು ಎನ್ನುತ್ತದೆ ಸಂವಿಧಾನದ 190ನೇ ವಿಧಿ. ಕಲಾಪವೇ ಅಷ್ಟು ದಿನ ನಡೆಯದ ಕಾಲದಲ್ಲಿ ಇದರಿಂದ ಬಾಣಂತಿಯೊಬ್ಬಳ ಸ್ಥಾನ ಹೋಗುವ ಭಯವಿಲ್ಲ. ಹೋಗುವುದು ಅವಳ ಮತ. 189ನೇ ವಿಧಿಯಂತೆ ಸದನದ ತೀರ್ಮಾನವಾಗುವುದು ಹಾಜರಿದ್ದು ಮತ ಚಲಾಯಿಸುವ ಸದಸ್ಯರ ಬಹುಮತದಿಂದ. ಹೆರಿಗೆ ವಾರ್ಡಿನಲ್ಲಿರುವ ಶಾಸಕಿ ಲೆಕ್ಕಕ್ಕೇ ಇಲ್ಲ.

2019ರ ಜುಲೈ 23ರ ಸಂಜೆ ನಮಗೆಲ್ಲ ನೆನಪಿದೆ. ಕುಮಾರಸ್ವಾಮಿ ಸರ್ಕಾರ ವಿಶ್ವಾಸಮತದಲ್ಲಿ 99–105ರಿಂದ ಬಿತ್ತು. ಯಾವ ಶಾಸಕರು ಯಾವ ರೆಸಾರ್ಟಿನಲ್ಲಿ, ಯಾರು ಆಸ್ಪತ್ರೆಯಲ್ಲಿ ಎಂದು ನಾಡೇ ತಲೆ ಎಣಿಸುತ್ತ ಕೂತಿತ್ತು. ಅಂಥ ಒಂದು ದಿನ ಹೆರಿಗೆಯಾದ ಶಾಸಕಿ ಏನು ಮಾಡಬೇಕು? ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಆಂಬುಲೆನ್ಸ್‌ನಲ್ಲಿ ಬರಬೇಕು, ಇಲ್ಲವೇ ತನ್ನನ್ನು ಗೆಲ್ಲಿಸಿದ ಜನರ ದನಿಯನ್ನು ಬಿಟ್ಟುಕೊಡಬೇಕು.

ಹೀಗೆ ಬಂದವರು ನಿಜಕ್ಕೂ ಇದ್ದಾರೆ. ಅದೇ ವರ್ಷದ ಜನವರಿ 15ರಂದು ಲಂಡನ್‌ನಲ್ಲಿ ಬ್ರೆಕ್ಸಿಟ್ ಒಪ್ಪಂದ ಮತಕ್ಕೆ ಬಂದಿತ್ತು. ಲೇಬರ್ ಸಂಸದೆ ಟುಲಿಪ್ ಸಿದ್ದಿಕ್ ಸಿಸೇರಿಯನ್ ಹೆರಿಗೆಯನ್ನು ಎರಡು ದಿನ ಮುಂದೂಡಿ, ಗಾಲಿಕುರ್ಚಿಯಲ್ಲಿ ಸದನಕ್ಕೆ ಬಂದರು. ಅಲ್ಲಿ ಒಬ್ಬರು ಬರಲಾಗದಿದ್ದರೆ ಎದುರು ಪಕ್ಷದ ಒಬ್ಬರೂ ಮತ ಹಾಕದೆ ಉಳಿಯುವ ಸಂಪ್ರದಾಯವಿದೆ. ಆದರೆ ಹಿಂದಿನ ಜುಲೈನಲ್ಲಿ, ಆಗಷ್ಟೇ ಹೆತ್ತಿದ್ದ ಸಂಸದೆ ಜೋ ಸ್ವಿನ್ಸನ್ ಆ ಮಾತನ್ನು ನಂಬಿ ಮನೆಯಲ್ಲಿದ್ದಾಗ ಎದುರು ಪಕ್ಷದ ಸಂಸದರು ಹೋಗಿ ಮತ ಹಾಕಿಬಿಟ್ಟಿದ್ದರು. ಟುಲಿಪ್ ನಂಬಲಿಲ್ಲ. ಗಾಲಿಕುರ್ಚಿಯ ಆ ಚಿತ್ರ ಸಂಸತ್ತನ್ನು ನಾಚಿಸಿತು. ಅದೇ ತಿಂಗಳು, ಹೆತ್ತವರ ಪರವಾಗಿ ಇನ್ನೊಬ್ಬ ಸಂಸದರು ಮತ ಚಲಾಯಿಸುವ ಪದ್ಧತಿ ಜಾರಿಗೆ ಬಂತು.

ನಮ್ಮಲ್ಲಿ ಬದಲಿ ಮತ ಬೇಡ, ಕುದುರೆ ವ್ಯಾಪಾರದ ನಾಡಿನಲ್ಲಿ ಅದು ದುರುಪಯೋಗವಾಗುತ್ತದೆ ಎನ್ನುವವರಿದ್ದಾರೆ. ಆ ಆತಂಕ ಸುಳ್ಳಲ್ಲ. ಆದರೆ ಹೆರಿಗೆಗೆ ಮಾತ್ರ, ವೈದ್ಯರ ಪತ್ರದ ಮೇಲೆ, ಸಭಾಧ್ಯಕ್ಷರ ದಾಖಲೆಯಲ್ಲಿ, ಇಂತಿಷ್ಟು ತಿಂಗಳಿಗೆ ಎಂದು ಕಟ್ಟುಪಾಡು ಹಾಕಬಹುದು. ಅದಕ್ಕಿಂತ ಮುಖ್ಯವಾಗಿ, ಬದಲಿ ವ್ಯವಸ್ಥೆ ನಮ್ಮಲ್ಲಿ ಈಗಾಗಲೇ ಇದೆ, ಅದೂ ಅತ್ಯಂತ ಕೆಟ್ಟ ರೂಪದಲ್ಲಿ. ಅದನ್ನು ನೋಡಬೇಕೆಂದರೆ ಗ್ರಾಮ ಪಂಚಾಯಿತಿಗೆ ಹೋಗಬೇಕು.

1983ರ ಕಾಯ್ದೆಯಲ್ಲೇ ಪಂಚಾಯಿತಿಯ ಕಾಲುಭಾಗ ಸ್ಥಾನಗಳನ್ನು ಹೆಣ್ಣುಮಕ್ಕಳಿಗೆ ಮೀಸಲಿಟ್ಟ ರಾಜ್ಯ ನಮ್ಮದು. 2010ರಲ್ಲಿ ಅದು ಅರ್ಧಕ್ಕೇರಿತು. ಹೀಗೆ ಗೆದ್ದು ಬಂದವರಲ್ಲಿ ಮದುವೆಯಾಗಿ ನಾಲ್ಕೈದು ವರ್ಷವಾದ, ಮಡಿಲಲ್ಲಿ ಕೂಸಿರುವ ಹುಡುಗಿಯರೂ ಇದ್ದಾರೆ. ಬಾಣಂತನಕ್ಕೆ ತವರಿಗೆ ಹೋದರೆ ವಾರ್ಡಿನ ನಲ್ಲಿ, ಬೀದಿದೀಪ, ಜಾಬ್ ಕಾರ್ಡು ಕಾಯುವುದಿಲ್ಲ. ‘ಯಜಮಾನ್ರು ಇದಾರಲ್ಲ’ ಎನ್ನುತ್ತಾರೆ. ಗಂಡ ಮೊದಲು ಫೋನ್ ಎತ್ತುತ್ತಾನೆ, ಆಮೇಲೆ ಪಿಡಿಒ ಎದುರಿನ ಕುರ್ಚಿಯಲ್ಲಿ ಕೂರುತ್ತಾನೆ. ಐದು ತಿಂಗಳ ಬಳಿಕ ಅವಳು ಮರಳಿದಾಗ ಆ ಕುರ್ಚಿ ಖಾಲಿಯಿರುವುದಿಲ್ಲ. ರಜೆಗೆ ನಿಯಮವಿಲ್ಲದ ಕಡೆ ಅಧಿಕಾರ ಸದ್ದಿಲ್ಲದೆ ಕೈ ಬದಲಾಯಿಸುವುದು ಹೀಗೆ. ಅಧ್ಯಕ್ಷೆಯ ಗಂಡನನ್ನು ಬೈಯುವ ನಾವು, ಅವನು ಒಳಗೆ ಬಂದ ಬಾಗಿಲನ್ನೂ ನೋಡಬೇಕು.

ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಕೆಲವೇ ಮತಗಳಿಂದ ಸೋತಾಗ ಪುಟ್ಟ ಮಗನ ತಾಯಿ. ಮಂಗಳೂರಿನ ಆ ಹೆಣ್ಣುಮಗಳು ಕಣಕ್ಕಿಳಿದು ನೂರು ವರ್ಷವಾಗುತ್ತ ಬಂದರೂ, 2023ರಲ್ಲಿ ನಮ್ಮ 224 ಸ್ಥಾನಗಳ ವಿಧಾನಸಭೆಗೆ ಗೆದ್ದು ಬಂದ ಮಹಿಳೆಯರು ಹತ್ತು ಮಂದಿ. ಅದೇ ವರ್ಷ ಸಂಸತ್ತು ಅಂಗೀಕರಿಸಿದ ಮಹಿಳಾ ಮೀಸಲಾತಿ ಜಾರಿಯಾದರೆ ಇಂದಿನ ಲೆಕ್ಕದಲ್ಲೇ ಸುಮಾರು 75 ಮಂದಿ ಬರುತ್ತಾರೆ. ಮಕ್ಕಳು ದೊಡ್ಡವರಾದ ಮೇಲೆ ರಾಜಕೀಯಕ್ಕೆ ಬಂದವರು ಮಾತ್ರವಲ್ಲ, ಮೂವತ್ತರ ಆಸುಪಾಸಿನವರೂ ಇರಬೇಕು. ಅವರು ಬಂದ ಮೇಲೆ ಕೋಣೆಯ ದೂಳು ಒರೆಸುವುದಲ್ಲ, ಸದನ ಮೊದಲೇ ಸಿದ್ಧವಾಗಿರಬೇಕು.

ಮತದಾನದ ವಿಧಿಗೆ ಸಂವಿಧಾನ ತಿದ್ದುಪಡಿ ಬೇಕು, ಅದು ದೆಹಲಿಯ ಕೆಲಸ. ಉಳಿದದ್ದು ನಮ್ಮ ಕೈಯಲ್ಲೇ ಇದೆ. ಹೆರಿಗೆ ರಜೆಯನ್ನು ಬೇಡಿ ಪಡೆಯುವ ಅನುಮತಿಯಾಗಿ ಅಲ್ಲ, ಹಕ್ಕಾಗಿ ಸದನದ ನಿಯಮಾವಳಿಯಲ್ಲಿ ಬರೆಯಬಹುದು. ಕಲಾಪ ರಾತ್ರಿಯವರೆಗೆ ಎಳೆಯದಂತೆ ವೇಳೆ ಗೊತ್ತುಮಾಡಬಹುದು. ಬೆಳಗಾವಿ ಅಧಿವೇಶನಕ್ಕೆ ಚಾಮರಾಜನಗರದಿಂದ ಕೂಸನ್ನೆತ್ತಿಕೊಂಡು ಬರುವವಳಿಗೆ, ಮಗುವಿನೊಂದಿಗೆ ಬರುವ ಅಜ್ಜಿಗೋ ಆಯಾಗೋ ಸೇರಿಸಿಯೇ ವಸತಿ ಕೊಡಬಹುದು. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದ ಸರ್ಕಾರಕ್ಕೆ ಇದು ಹೊಸ ವಿಷಯವೇನಲ್ಲ. ಪಂಚಾಯಿತಿ ಸದಸ್ಯೆ ಬಾಣಂತನದಲ್ಲಿದ್ದಾಗ ಅವಳ ವಾರ್ಡಿನ ಕೆಲಸ ನೋಡಿಕೊಳ್ಳುವ ಹೊಣೆಯನ್ನು ಇನ್ನೊಬ್ಬ ಚುನಾಯಿತ ಸದಸ್ಯೆಗೆ ಲಿಖಿತವಾಗಿ ವಹಿಸುವಂತೆ ಸರ್ಕಾರ ನಿಯಮ ರೂಪಿಸಲಿ. ಸಭಾಧ್ಯಕ್ಷರು ಮತ್ತು ಸಭಾಪತಿಗಳು ಸದನದ ನಿಯಮಾವಳಿ ತಿದ್ದುವ ಕೆಲಸವನ್ನು ಮುಂದಿನ ಅಧಿವೇಶನದಲ್ಲೇ ಕೈಗೆತ್ತಿಕೊಳ್ಳಬೇಕು.